ಬೇರಿನ ಬೂಷ್ಟನ್ನು ನಾವೇ ಬೆಳೆಸಿಕೊಳ್ಳೋಣ

(ಕೋಲಾರ ಸೀಮೆಯ ಟೊಮೇಟೊ, ಮೆಣಸಿನಕಾಯಿ ಬೆಳೆಗಾರರ ಸಭೆಯೊಂದರಲ್ಲಿ ಒಬ್ಬ ರೈತರು ಮಾಡಿದ ಭಾಷಣದ ಬರಹರೂಪ)



ಭಾಷಣ ಮಾಡುವ ಅಭ್ಯಾಸ ನನಗಿಲ್ಲ. ಒಂದು ಚೀಟಿ ತಂದಿದ್ದೇನೆ, ಅದನ್ನೇ ಓದುತ್ತೇನೆ. ಇದು ಗೊಬ್ಬರದಂಗಡಿಯ ಬಿಲ್ಲಲ್ಲ. ಬಿಲ್ಲು ಕೊಡುವ ಪದ್ಧತಿ ಆ ಅಂಗಡಿಯಲ್ಲಿಲ್ಲ. ಇದು ಉದ್ದರಿ ಚೀಟಿ, ಮೂರು ವರ್ಷದ ಹಿಂದಿನದು. ಡಿಎಪಿ 4 ಚೀಲ, 5,400 ರೂಪಾಯಿ. ಅದರ ಕೆಳಗೆ ‘ವ್ಯಾಮ್ ಪುಡಿ 8 ಕಿಲೋ, 960 ರೂಪಾಯಿ’ ಅಂತ ಬರೆದಿದೆ. ನಾನು ಕೇಳಿದ್ದು ಡಿಎಪಿ ಮಾತ್ರ. ಅಂಗಡಿಯವರು, “ಇದನ್ನೂ ತಗೊಳ್ಳಿ ಯಜಮಾನ್ರೇ, ಇದು ತಗೊಂಡ್ರೇನೇ ಅದು ಸಿಗೋದು, ಮೇಲಿಂದ ಲಿಂಕು ಬಂದಿದೆ” ಅಂದರು. ಮೇಲಿಂದ ಅಂದರೆ ಯಾರ ಮೇಲಿಂದ ಅಂತ ನಾನು ಕೇಳಲಿಲ್ಲ. ಮಳೆ ಬಂದಿತ್ತು, ಹೊಲ ಹದವಾಗಿತ್ತು, ಕೇಳುವ ಹೊತ್ತು ಅದಲ್ಲ. ತಿಂಗಳಿಗೆ ನೂರಕ್ಕೆ ಎರಡು ಬಡ್ಡಿಯಂತೆ ಐದು ತಿಂಗಳಿಗೆ ಆ ಪುಡಿಯ ಸಾಲವೇ 1,056 ರೂಪಾಯಿ ಆಯಿತು. ಆ ಸಾವಿರದ ಐವತ್ತಾರು ರೂಪಾಯಿಯ ಕಥೆಯನ್ನೇ ಈವತ್ತು ನಿಮ್ಮ ಮುಂದೆ ಇಡುತ್ತೇನೆ.

ಪುಡಿ ಮನೆಗೆ ತಂದಾಗ ನಮ್ಮ ತಾಯಿ ಕೇಳಿದರು: “ಏನಪ್ಪಾ ಇದು?” ಬೇರಿಗೆ ಹಾಕೋ ಬೂಷ್ಟಮ್ಮಾ ಅಂದೆ. “ಬೂಷ್ಟು ಬಂದ್ರೆ ಗಿಡ ಸಾಯ್ತದೆ, ದುಡ್ಡು ಕೊಟ್ಟು ಬೂಷ್ಟು ತರೋದುಂಟಾ?” ಅಂದರು. ಅವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಗಿಡ ಕೊಲ್ಲುವ ಬೂಷ್ಟೂ ಇದೆ, ಗಿಡ ಸಾಕುವ ಬೂಷ್ಟೂ ಇದೆ. ಈ ಎರಡನೆಯದಕ್ಕೆ ಮೈಕೊರೈಜಾ ಅಂತ ಹೆಸರಿಟ್ಟವನು ಜರ್ಮನಿಯ ಫ್ರಾಂಕ್ ಎಂಬ ಸಸ್ಯವಿಜ್ಞಾನಿ, 1885ರಲ್ಲಿ. ಬೇರುಶಿಲೀಂಧ್ರ ಅಂತ ನಾವು ಅನ್ನಬಹುದು. ಭೂಮಿಯ ಮೇಲಿನ ಹತ್ತು ಜಾತಿ ಗಿಡಗಳಲ್ಲಿ ಏಳೆಂಟರ ಬೇರಿನಲ್ಲಿ ಈ ಶಿಲೀಂಧ್ರ ಮನೆ ಮಾಡಿಕೊಂಡಿರುತ್ತದೆ. ನಲವತ್ತು ಕೋಟಿ ವರ್ಷದ ಹಿಂದಿನ ಕಲ್ಲಾದ ಗಿಡಗಳಲ್ಲೂ ಇದರ ಗುರುತು ಸಿಕ್ಕಿದೆ. ಅಂದರೆ ಮನುಷ್ಯ ನೇಗಿಲು ಹಿಡಿಯುವುದಕ್ಕೆ ಎಷ್ಟೋ ಮುಂಚೆ ಗಿಡಕ್ಕೂ ಬೂಷ್ಟಿಗೂ ಪಾಲುಗಾರಿಕೆ ಆಗಿಹೋಗಿತ್ತು.

ಆ ಪಾಲುಗಾರಿಕೆಯ ಲೆಕ್ಕ ಹೀಗಿದೆ. ನಾವು ಹಾಕಿದ ರಂಜಕದಲ್ಲಿ ಆ ವರ್ಷದ ಬೆಳೆಗೆ ಸಿಗುವುದು ನೂರಕ್ಕೆ ಹದಿನೈದು, ಇಪ್ಪತ್ತು ಪಾಲು. ಉಳಿದದ್ದನ್ನು ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಹಿಡಿದುಕೊಳ್ಳುತ್ತವೆ. ಎರೆ ಮಣ್ಣಾದರೆ ಸುಣ್ಣ ಹಿಡಿದುಕೊಳ್ಳುತ್ತದೆ. ನೀರಿನಲ್ಲಿ ಹರಿದು ಬರುವ ಸ್ವಭಾವ ರಂಜಕಕ್ಕಿಲ್ಲ. ಬೇರು ತನ್ನ ಸುತ್ತಲಿನ ಒಂದೆರಡು ಮಿಲಿಮೀಟರ್ ಮಣ್ಣಿನದನ್ನು ತಿಂದು ಮುಗಿಸಿದ ಮೇಲೆ ಬಾಯಿ ಬಿಟ್ಟುಕೊಂಡು ನಿಲ್ಲುತ್ತದೆ. ಈ ಶಿಲೀಂಧ್ರದ ಎಳೆಗಳು ಬೇರಿನೊಳಗೆ ಒಂದು ಕೊನೆ ಇಟ್ಟುಕೊಂಡು ಇನ್ನೊಂದು ಕೊನೆಯನ್ನು ಮಣ್ಣಿನಲ್ಲಿ ಎಷ್ಟೋ ಅಂಗುಲ ದೂರ ಹರಡುತ್ತವೆ. ಬೇರಿನ ರೋಮಕ್ಕಿಂತ ಸಣ್ಣ ಎಳೆ, ಬೇರು ನುಗ್ಗಲಾರದ ಸಂದಿಗೂ ನುಗ್ಗುತ್ತದೆ. ಅಲ್ಲಿನ ರಂಜಕ, ಸತು, ಒಂದಿಷ್ಟು ನೀರು ತಂದು ಗಿಡಕ್ಕೆ ಕೊಡುತ್ತದೆ. ಗಿಡ ಬಿಸಿಲಿನಲ್ಲಿ ಮಾಡಿದ ಸಕ್ಕರೆಯಲ್ಲಿ ನೂರಕ್ಕೆ ನಾಲ್ಕರಿಂದ ಇಪ್ಪತ್ತರವರೆಗೆ ಅದಕ್ಕೆ ಸಂದಾಯ ಮಾಡುತ್ತದೆ. ಬಡ್ಡಿ ಜಾಸ್ತಿ ಅನ್ನಿಸಬಹುದು, ಆದರೆ ಈ ಸಾಲಗಾರ ಮೊದಲು ಮಾಲು ತಂದು ಕೊಟ್ಟು ಆಮೇಲೆ ಕೈ ಚಾಚುತ್ತಾನೆ. ನಮ್ಮ ಅಂಗಡಿಯವನ ಹಾಗಲ್ಲ.

ಒಂದು ಮಾತನ್ನು ಇಲ್ಲೇ ಹೇಳಿಬಿಡಬೇಕು, ಯಾಕೆಂದರೆ ಪುಡಿ ಮಾರುವವರು ಇದನ್ನು ಹೇಳುವುದಿಲ್ಲ. ಈ ಶಿಲೀಂಧ್ರ ರಂಜಕವನ್ನು ಹುಟ್ಟಿಸುವುದಿಲ್ಲ. ಕಡಲೆ, ಅವರೆ ಬೇರಿನ ಗಂಟಿನಲ್ಲಿರುವ ರೈಜೋಬಿಯಂ ಗಾಳಿಯಿಂದ ಸಾರಜನಕ ತರುತ್ತದೆ, ಅದು ಹೊಸ ಆದಾಯ. ಇದು ಹಾಗಲ್ಲ, ಮಣ್ಣಿನಲ್ಲಿ ಹೂತು ಬಿದ್ದಿರುವ ಹಳೇ ಗಂಟನ್ನು ಬಿಡಿಸಿ ಕೊಡುತ್ತದೆ, ಅಷ್ಟೆ. ಬಿಡಿಸಿಕೊಂಡಷ್ಟನ್ನು ಕೊಟ್ಟಿಗೆ ಗೊಬ್ಬರದ ರೂಪದಲ್ಲೋ ಇನ್ನೊಂದು ರೂಪದಲ್ಲೋ ವಾಪಸು ಕಟ್ಟದಿದ್ದರೆ ಮೊಮ್ಮಕ್ಕಳ ಕಾಲಕ್ಕೆ ಗಂಟು ಖಾಲಿ.

ಹಾಗಾದರೂ ಯಾಕೆ ಬೇಕು? 2021ನೇ ಇಸವಿ ನೆನಪು ಮಾಡಿಕೊಳ್ಳಿ. ಹೊರದೇಶದಲ್ಲಿ ಬೆಲೆ ಏರಿತು ಅಂತ ಡಿಎಪಿ ಚೀಲಕ್ಕೆ 1,900 ರೂಪಾಯಿ ಅಂತ ಪ್ರಕಟವಾಯಿತು. ಗಲಾಟೆ ಆದ ಮೇಲೆ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಸಬ್ಸಿಡಿಯನ್ನು ಚೀಲಕ್ಕೆ 500ರಿಂದ 1,200ಕ್ಕೆ ಏರಿಸಿ ನಮಗೆ 1,200ಕ್ಕೇ ಸಿಗುವಂತೆ ಮಾಡಿತು. 2022ರಲ್ಲಿ ಅದು 1,350 ಆಯಿತು. ನಮ್ಮ ದೇಶದಲ್ಲಿ ರಾಜಸ್ಥಾನದ ಉದಯಪುರದ ಹತ್ತಿರ ರಂಜಕದ ಕಲ್ಲಿನ ಗಣಿ ಇದೆ, ಆದರೆ ಅದು ನಮ್ಮ ಹೊಟ್ಟೆಗೆ ಸಾಲದು. ಕಲ್ಲೋ, ಆಮ್ಲವೋ, ಸಿದ್ಧ ಡಿಎಪಿಯೋ, ಬಹುಪಾಲು ಹಡಗಿನಲ್ಲೇ ಬರಬೇಕು. ಮೊರಾಕ್ಕೊದಲ್ಲಿ ಬೆಲೆ ಏರಿದರೆ ಮುಳಬಾಗಿಲಲ್ಲಿ ಸರದಿ ನಿಲ್ಲಬೇಕು. ಬೇರಿನ ಬೂಷ್ಟು ಈ ಸರದಿಯನ್ನು ಪೂರ್ತಿ ತಪ್ಪಿಸುತ್ತದೆ ಅಂತ ನಾನು ಹೇಳಲಾರೆ. ನಾಲ್ಕು ಚೀಲದ ಜಾಗದಲ್ಲಿ ಎರಡು ಸಾಕಾದರೂ ಅದು ಸಣ್ಣ ಮಾತಲ್ಲ.

ಇದು ಎಲ್ಲೋ ಪರದೇಶದ ವಿದ್ಯೆ ಅಂದುಕೊಳ್ಳಬೇಡಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಡಿ. ಜೆ. ಭಾಗ್ಯರಾಜ್ ಅವರೂ ಅವರ ಶಿಷ್ಯರೂ ದಶಕಗಟ್ಟಲೆ ಇದೇ ಕೆಲಸ ಮಾಡಿದ್ದಾರೆ. ಒಟ್ಲಿನಲ್ಲೇ ಶಿಲೀಂಧ್ರ ಹಾಕಿ ಬೆಳೆಸಿದ ಮೆಣಸಿನ ಸಸಿ ಹೊಲದಲ್ಲಿ ಹೆಚ್ಚು ಫಲ ಕೊಡುತ್ತದೆ, ರಂಜಕದ ಗೊಬ್ಬರವೂ ಉಳಿಯುತ್ತದೆ ಎಂಬುದನ್ನು ಅವರು 1982ರಲ್ಲೇ ಪ್ರಕಟಿಸಿದರು. ನಲವತ್ತು ವರ್ಷದ ಮೇಲಾಯಿತು. ಹೆಬ್ಬಾಳದಿಂದ ನಮ್ಮೂರಿಗೆ ಬಸ್ಸಿನಲ್ಲಿ ಮೂರು ಗಂಟೆ ದಾರಿ. ಈ ಮಾತು ಬರೋದಕ್ಕೆ ನಲವತ್ತು ವರ್ಷ ಹಿಡಿಯಿತು, ಬಂದದ್ದೂ ಅಂಗಡಿಯ ಲಿಂಕಿನ ರೂಪದಲ್ಲಿ.

ಸರಿ, ನನ್ನ ಪುಡಿಯ ಕಥೆಗೆ ಬರುತ್ತೇನೆ. ಮೆಣಸಿನ ಒಟ್ಲುಪಾತಿಯಲ್ಲಿ ಅರ್ಧಕ್ಕೆ ಹಾಕಿದೆ, ಅರ್ಧ ಹಾಗೇ ಬಿಟ್ಟೆ. ನಲವತ್ತು ದಿನ ಆದ ಮೇಲೆ ಯಾವ ಅರ್ಧ ಯಾವುದು ಅಂತ ನನಗೇ ಗುರುತು ಸಿಗಲಿಲ್ಲ, ಗೂಟ ನೆಟ್ಟಿದ್ದರಿಂದ ಗೊತ್ತಾಯಿತು. ಅಂಗಡಿಗೆ ಹೋಗಿ ಕೇಳಿದರೆ, “ನಿಮ್ಮ ಮಣ್ಣೇ ಸರಿಯಿಲ್ಲ” ಅಂದರು. ನಮ್ಮೂರಿನ ನಿವೃತ್ತ ವಿಜ್ಞಾನದ ಮೇಷ್ಟ್ರು ಆಗ ಒಂದು ಉಪಾಯ ಹೇಳಿದರು. ಅದನ್ನು ನೀವೆಲ್ಲ ಮನೆಯಲ್ಲಿ ಮಾಡಬಹುದು, ಆದ್ದರಿಂದ ಸ್ವಲ್ಪ ಗಮನ ಕೊಡಿ.

ಪ್ಯಾಕೆಟ್ಟಿನ ಪುಡಿಯಲ್ಲಿ ಅರ್ಧ ತೆಗೆದು ಬಟ್ಟೆಯಲ್ಲಿ ಕಟ್ಟಿ ಕುಕ್ಕರಿನಲ್ಲಿ ಒಂದು ಗಂಟೆ ಬೇಯಿಸಬೇಕು, ಮಾರನೇ ದಿನ ಇನ್ನೊಂದು ಸಲ. ಅದರಲ್ಲಿದ್ದ ಜೀವ ಸತ್ತಿತು ಅಂತ ಲೆಕ್ಕ. ಗೊಬ್ಬರ ಕಾಣದ ಬಡ ಮಣ್ಣಿಗೆ ಮರಳು ಬೆರೆಸಿ, ಅದನ್ನೂ ಬೇಯಿಸಿ ಆರಿಸಿ, ಹತ್ತು ಕುಂಡಕ್ಕೆ ತುಂಬಬೇಕು. ಐದಕ್ಕೆ ಬೆಂದ ಪುಡಿ, ಐದಕ್ಕೆ ಹಸಿ ಪುಡಿ, ಎಲ್ಲಕ್ಕೂ ಒಂದೇ ಅಳತೆ. ಎಲ್ಲದರಲ್ಲೂ ಈರುಳ್ಳಿ ಬೀಜ. ಈರುಳ್ಳಿಯೇ ಯಾಕೆ ಅಂದರೆ ಅದರ ಬೇರು ದಪ್ಪ, ಕವಲು ಕಡಿಮೆ, ರೋಮ ಇಲ್ಲವೇ ಇಲ್ಲ ಅನ್ನುವಷ್ಟು. ಈ ಶಿಲೀಂಧ್ರದ ಸಹಾಯ ಇಲ್ಲದೆ ರಂಜಕ ಹುಡುಕೋದು ಅದಕ್ಕೆ ಕಷ್ಟ. ಎಂಟು ವಾರ ಕಾಯಬೇಕು. ಹಸಿ ಪುಡಿಯ ಕುಂಡಗಳು ಎದ್ದು ಕಂಡರೆ ಪುಡಿಯಲ್ಲಿ ಜೀವ ಇದೆ. ಎರಡೂ ಒಂದೇ ಸಮ ಬಡಕಲಾಗಿದ್ದರೆ ನೀವು ಕೊಂಡದ್ದು ಬರೀ ಮಣ್ಣು.

ನನ್ನದು ಬರೀ ಮಣ್ಣು.

ಮೇಷ್ಟ್ರು ಅಲ್ಲಿಗೇ ಬಿಡಲಿಲ್ಲ. ಈರುಳ್ಳಿಯ ಎಳೆ ಬೇರು ತೊಳೆದು, ನೂರಕ್ಕೆ ಹತ್ತರ ಕಾಸ್ಟಿಕ್ ಪೊಟ್ಯಾಷ್ ದ್ರಾವಣದಲ್ಲಿ ಬೇಯಿಸಿ ಬಿಳಿ ಮಾಡಿದರು. ಅದು ಕೈಗೆ ಬಿದ್ದರೆ ಸುಡುತ್ತದೆ, ಮಕ್ಕಳ ಕೈಗೆ ಕೊಡಬೇಡಿ. ಆಮೇಲೆ ಅಡುಗೆಯ ವಿನಿಗರ್‌ಗೆ ಪೆನ್ನಿನ ಇಂಕು ನೂರಕ್ಕೆ ಐದರಂತೆ ಬೆರೆಸಿ ಅದರಲ್ಲಿ ಮೂರು ನಿಮಿಷ ಕುದಿಸಿ, ನಾಲ್ಕು ಹನಿ ವಿನಿಗರ್ ಹಾಕಿದ ನೀರಿನಲ್ಲಿ ತೊಳೆದರು. ಶಿಲೀಂಧ್ರ ಇದ್ದರೆ ಅದು ಮಾತ್ರ ಬಣ್ಣ ಹಿಡಿಯುತ್ತದೆ. ಪ್ರೌಢಶಾಲೆಯ ಸೂಕ್ಷ್ಮದರ್ಶಕ, ನೂರು ಪಟ್ಟು ದೊಡ್ಡದು ಮಾಡಿದರೆ ಸಾಕು. ನನ್ನ ಹೊಲದ ಬದುವಿನ ಹುಲ್ಲಿನ ಬೇರು ತೋರಿಸಿದರು: ಉದ್ದಕ್ಕೂ ಎಳೆ, ನಡುನಡುವೆ ಉಬ್ಬಿದ ಚೀಲಗಳು, ಕೆಲವು ಕಡೆ ಒಂದೊಂದು ಕೋಶದೊಳಗೆ ಪುಟ್ಟ ಮರದ ಹಾಗೆ ಕವಲು. ದುಡ್ಡು ಕೊಟ್ಟು ತಂದ ಪುಡಿ ಹಾಕಿದ ಬೇರು ಬೋಳು.

ಕಾನೂನು ಇಲ್ಲ ಅಂತಲ್ಲ. 1985ರ ರಸಗೊಬ್ಬರ ನಿಯಂತ್ರಣ ಆದೇಶಕ್ಕೆ 2006ರಲ್ಲಿ ಜೀವಾಣು ಗೊಬ್ಬರಗಳನ್ನು ಸೇರಿಸಿದರು, ಆಮೇಲೆ ಮೈಕೊರೈಜಾಕ್ಕೂ ಗುಣಮಟ್ಟ ಗೊತ್ತು ಮಾಡಿದರು. ಒಂದು ಗ್ರಾಂ ಮಾಲಿನಲ್ಲಿ ಚಿಗುರಬಲ್ಲ ಜೀವ, ಬೀಜಕಣವೋ ಬೇರಿನ ತುಂಡೋ ಎಳೆಯೋ, ಕನಿಷ್ಠ 100 ಇರಬೇಕು. ಚೀಲದ ಮೇಲೆ ಹಾಗಂತ ಅಚ್ಚೂ ಹಾಕಿರುತ್ತಾರೆ. ಅಚ್ಚು ಹಾಕಿದ ದಿನ ಇದ್ದಿರಲೂಬಹುದು. ತಗಡಿನ ಗೋದಾಮಿನಲ್ಲಿ ಎರಡು ಬೇಸಿಗೆ ಬೆಂದರೆ ಯಾವ ಜೀವ ಉಳಿದೀತು? ಮಾದರಿ ತೆಗೆಯಬೇಕಾದ ಇನ್‌ಸ್ಪೆಕ್ಟರ್ ಬರಬೇಕಾದರೆ ನಮ್ಮ ಕೈಯಲ್ಲಿ ಬಿಲ್ಲಿರಬೇಕು, ಬಿಲ್ಲು ಕೇಳಬೇಕಾದರೆ ಉದ್ದರಿ ಇರಬಾರದು. ಉದ್ದರಿ ಚೀಟಿಗೆ ಬಾಯಿಲ್ಲ.

ಈಗ ಮುಖ್ಯ ವಿಷಯ. ಇದನ್ನು ನಾವೇ ಬೆಳೆಸಬಹುದೇ? ಬೆಳೆಸಬಹುದು. ಬೇರೆ ಜೀವಾಣುಗಳ ಹಾಗೆ ಇದು ಗಾಜಿನ ಸೀಸೆಯಲ್ಲಿ ಬರೀ ಸಕ್ಕರೆ ನೀರಿಗೆ ಬೆಳೆಯುವುದಿಲ್ಲ. ಜೀವಂತ ಬೇರೇ ಬೇಕು. ಕ್ಯಾರೆಟ್ಟಿನ ಬೇರನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ ಅದರ ಮೇಲೆ ಇದನ್ನು ಸಾಕುವ ವಿಧಾನ 1980ರ ದಶಕದಲ್ಲಿ ಬಂತು, ದೊಡ್ಡ ಕಂಪನಿಗಳು ಹಾಗೆ ಮಾಡುತ್ತವೆ. ನಮಗೆ ಅದು ಬೇಡ. ಬೇರು ಬೆಳೆಸೋದು ನಮ್ಮ ಕಸುಬೇ ಅಲ್ಲವೇ! ಈ ವಿದ್ಯೆಯಲ್ಲಿ ಕಾರ್ಖಾನೆಗಿಂತ ಹೊಲವೇ ಮೇಲು ಅಂತ ನನಗೆ ಧೈರ್ಯ ಬಂದದ್ದು ಇಲ್ಲೇ.

ತಮಿಳುನಾಡು ಕೃಷಿ ವಿಶ್ವವಿದ್ಯಾಲಯದವರ ಗುಂಡಿ ಪದ್ಧತಿಯನ್ನು ನಾನು ಹಿಡಿದೆ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದಡಿ ಆಳದ ಗುಂಡಿ. ತಳಕ್ಕೂ ಪಕ್ಕಕ್ಕೂ ಕಪ್ಪು ಪ್ಲಾಸ್ಟಿಕ್ ಹಾಳೆ. 50 ಕಿಲೋ ವರ್ಮಿಕ್ಯುಲೈಟ್‌ಗೆ, ಅದು ಹಗುರವಾದ ಅಭ್ರಕದಂಥ ಪದರದ ಪುಡಿ, 5 ಕಿಲೋ ಬೇಯಿಸಿದ ಮಣ್ಣು ಬೆರೆಸಿ 20 ಸೆಂಟಿಮೀಟರ್ ಎತ್ತರಕ್ಕೆ ತುಂಬಬೇಕು. ಮೇಲಿನಿಂದ ಎರಡರಿಂದ ಐದು ಸೆಂಟಿಮೀಟರ್ ಕೆಳಗೆ 1 ಕಿಲೋ ಮೂಲ ಬಿತ್ತನೆ ಹರಡಬೇಕು. ಈ ಮೂಲ ಬಿತ್ತನೆಯನ್ನು ಮಾತ್ರ ಅಂಗಡಿಯಿಂದ ತರಬೇಡಿ. ಕೃಷಿ ವಿಶ್ವವಿದ್ಯಾಲಯದ ಸೂಕ್ಷ್ಮಜೀವಿ ವಿಭಾಗದಲ್ಲಿ ವಿಚಾರಿಸಿ, ರಶೀದಿ ತಗೊಂಡು ತನ್ನಿ. ಮೂಲವೇ ಸತ್ತಿದ್ದರೆ ಗುಂಡಿ ತುಂಬ ಮಾಡೋದೇನು? ಅದರ ಮೇಲೆ ಮುಸುಕಿನ ಜೋಳ. ಬೀಜವನ್ನು ನೂರಕ್ಕೆ ಐದರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಎರಡು ನಿಮಿಷ ಅದ್ದಿ, ಚೆನ್ನಾಗಿ ತೊಳೆದು ಬಿತ್ತಬೇಕು. ಔಷಧಿ ಸವರಿದ ಬಣ್ಣದ ಬೀಜ ಬೇಡ. ಗೊಬ್ಬರ ಇಡೀ ಗುಂಡಿಗೆ ಯೂರಿಯಾ 2 ಗ್ರಾಂ, ಸೂಪರ್ ಫಾಸ್ಫೇಟ್ 2 ಗ್ರಾಂ, ಪೊಟ್ಯಾಷ್ 1 ಗ್ರಾಂ. ಚಮಚದ ಲೆಕ್ಕ, ಹಿಡಿಯ ಲೆಕ್ಕವಲ್ಲ. ಮೂವತ್ತನೇ ದಿನ, ನಲವತ್ತೈದನೇ ದಿನ 10 ಗ್ರಾಂನಂತೆ ಯೂರಿಯಾ.

ಮೊದಲ ಸಲ ನಾನು ಇಲ್ಲೇ ಕೆಟ್ಟೆ. ಜೋಳ ಸೊರಗಿದ ಹಾಗೆ ಕಂಡಿತು, ಕೈ ತಡೆಯಲಿಲ್ಲ, ಒಂದು ಹಿಡಿ ಸೂಪರ್ ಎರಚಿದೆ. ಜೋಳ ಆಳುದ್ದ ಬಂತು, ನೋಡಿದವರೆಲ್ಲ ಹೊಗಳಿದರು. ಅರವತ್ತನೇ ದಿನ ಬೇರು ತೆಗೆದು ಮೇಷ್ಟ್ರ ಹತ್ತಿರ ಒಯ್ದರೆ ಶಿಲೀಂಧ್ರ ಅಲ್ಲೊಂದು ಇಲ್ಲೊಂದು. ರಂಜಕ ಕಾಲ ಬುಡದಲ್ಲೇ ಸಿಕ್ಕುವಾಗ ಗಿಡ ಸಕ್ಕರೆ ಕೊಟ್ಟು ಆಳು ಇಟ್ಟುಕೊಳ್ಳೋದಿಲ್ಲ, ಬಾಗಿಲು ಹಾಕಿಕೊಳ್ಳುತ್ತದೆ. ಸೊಂಪಾದ ಜೋಳ ಬೇಕಾದರೆ ಹೊಲದಲ್ಲಿ ಬೆಳೆಯೋಣ. ಈ ಗುಂಡಿಯಲ್ಲಿ ಬೇಕಾದದ್ದು ಬೇರು ಮಾತ್ರ, ಅದೂ ಸ್ವಲ್ಪ ಹಸಿದ ಬೇರು.

ಇನ್ನೊಂದು ತಪ್ಪು ನಮ್ಮ ನೆಂಟರೊಬ್ಬರು ಮಾಡಿದರು. ಮಣ್ಣನ್ನು ಬೇಯಿಸದೆ ಟೊಮೇಟೊ ತೋಟದ ಮಣ್ಣನ್ನೇ ಹಾಕಿ, ಟೊಮೇಟೊ ಗಿಡವನ್ನೇ ಬೆಳೆಸಿದರು. ಶಿಲೀಂಧ್ರದ ಜೊತೆ ಗಂಟುಬೇರಿನ ಜಂತುಹುಳವೂ ಗುಂಡಿ ತುಂಬ ಬೆಳೆಯಿತು. ಅದನ್ನು ತಗೊಂಡು ಹೋಗಿ ಒಟ್ಲಿಗೆ ಹಾಕಿದ್ದರೆ ರೋಗವನ್ನು ತಾವೇ ಹಂಚಿದ ಹಾಗೆ ಆಗುತ್ತಿತ್ತು. ಆದ್ದರಿಂದ ಯಾವ ಬೆಳೆಗೆ ಹಾಕುತ್ತೀರೋ ಆ ಜಾತಿಯ ಗಿಡವನ್ನು ಗುಂಡಿಯಲ್ಲಿ ಬೆಳೆಸಬಾರದು. ಹುಲ್ಲಿನ ಜಾತಿಯೇ ವಾಸಿ. ರೋಡ್ಸ್ ಹುಲ್ಲಿನ ಮೇಲೆ ಇದು ಬಹಳ ಚೆನ್ನಾಗಿ ಬೆಳೆಯುತ್ತದೆ ಅಂತ ಬೆಂಗಳೂರಿನ ವಿಜ್ಞಾನಿಗಳೇ 1988ರಲ್ಲಿ ತೋರಿಸಿದ್ದಾರೆ. ಮೇಲಿನದು ಹಸುವಿಗೆ, ಕೆಳಗಿನದು ಹೊಲಕ್ಕೆ. ಬೇಯಿಸೋದು ಕಷ್ಟವಾದರೆ ಬೇಸಿಗೆಯಲ್ಲಿ ಮಣ್ಣಿಗೆ ನೀರು ಹಾಕಿ ಪಾರದರ್ಶಕ ಪ್ಲಾಸ್ಟಿಕ್ ಬಿಗಿಯಾಗಿ ಹೊದಿಸಿ ಐದಾರು ವಾರ ಬಿಸಿಲಿಗೆ ಬಿಡಬಹುದು.

ಅರವತ್ತು ದಿನಕ್ಕೆ ಜೋಳ ಕೊಯ್ದು ದನಕ್ಕೆ ಹಾಕಿ. ನೀರು ನಿಲ್ಲಿಸಿ, ಎಂಟು ಹತ್ತು ದಿನ ಹಾಗೇ ಒಣಗಲಿ. ಬರ ಬಂತು ಅಂತ ತಿಳಿದಾಗ ಶಿಲೀಂಧ್ರ ಬೀಜಕಣ ಕಟ್ಟಿಕೊಳ್ಳುತ್ತದೆ, ನಮ್ಮ ಹಿರಿಯರು ಹಗೇವಿನಲ್ಲಿ ರಾಗಿ ತುಂಬಿಡುತ್ತಿದ್ದ ಹಾಗೆ. ಆಮೇಲೆ ಬೇರನ್ನೆಲ್ಲ ತೆಗೆದು ಸಣ್ಣಗೆ ಕತ್ತರಿಸಿ ಗುಂಡಿಯ ಪುಡಿಗೇ ಬೆರೆಸಿದರೆ ಸುಮಾರು 55 ಕಿಲೋ ಬಿತ್ತನೆ ಸಿದ್ಧ. ನೆರಳಿನಲ್ಲಿ, ತಂಪಾದ ಕಡೆ ಇಟ್ಟು ಆರು ತಿಂಗಳೊಳಗೆ ಬಳಸಿ. ಮುಂದಿನ ಗುಂಡಿಗೆ ಒಂದು ಕಿಲೋ ಎತ್ತಿಡೋದು ಮರೆಯಬೇಡಿ.

ಒಟ್ಲುಪಾತಿಗೆ ಚದರ ಮೀಟರಿಗೆ 100 ಗ್ರಾಂ, ಬೀಜದ ಕೆಳಗೆ ಎರಡು ಮೂರು ಸೆಂಟಿಮೀಟರ್ ಆಳದಲ್ಲಿ. ಪ್ಲಾಸ್ಟಿಕ್ ಚೀಲದ ಸಸಿಗೆ 5ರಿಂದ 10 ಗ್ರಾಂ. ಒಂದು ಎಕರೆ ಮೆಣಸಿನಕಾಯಿಗೆ 40 ಚದರ ಮೀಟರ್ ಒಟ್ಲು ಇಟ್ಟುಕೊಂಡರೆ 4 ಕಿಲೋ ಸಾಕು. ಒಂದು ಗುಂಡಿಯಿಂದ ಹದಿಮೂರು ಎಕರೆಯ ಸಸಿ. ಇಡೀ ಹೊಲಕ್ಕೆ ಎರಚುವ ಮಾತು ಬೇಡ, ಅದು ಪುಡಿ ಮಾರುವವರ ಲೆಕ್ಕ. ಬೇರು ಎಳೆಯದಾಗಿರುವಾಗ ಪರಿಚಯ ಮಾಡಿಸಬೇಕು, ಅಷ್ಟೆ. ಪಾತಿಗೆ ಕಾರ್ಬೆಂಡಜಿಮ್‌ನಂಥ ಔಷಧಿ ಸುರಿದರೆ ನಾವೇ ಕರೆದ ನೆಂಟನಿಗೆ ನಾವೇ ವಿಷ ಕೊಟ್ಟಂತೆ. ಈಗ ನರ್ಸರಿಯವರು ತಟ್ಟೆಯಲ್ಲಿ ತೆಂಗಿನ ನಾರಿನ ಪುಡಿ ತುಂಬಿ ಸಸಿ ಮಾಡುತ್ತಾರೆ. ಹೊಲದ ಮಣ್ಣಿನಲ್ಲಿರುವ ಶಿಲೀಂಧ್ರದ ಪರಿಚಯವೇ ಅಲ್ಲಿನ ಸಸಿಗೆ ಆಗಿರುವುದಿಲ್ಲ. ಅಂಥ ಕಡೆಯೇ ಇದು ಹೆಚ್ಚು ಉಪಯೋಗ.

ಎಲ್ಲಿ ಉಪಯೋಗವಿಲ್ಲ ಅನ್ನುವುದನ್ನೂ ಕೇಳಿ. ಕೋಸು, ಹೂಕೋಸು, ಮೂಲಂಗಿ, ಸಾಸಿವೆ, ಬೀಟ್‌ರೂಟ್, ಪಾಲಕ್ ಇವುಗಳ ಬೇರಿಗೆ ಈ ಶಿಲೀಂಧ್ರ ಸೇರುವುದಿಲ್ಲ. ಕೋಸಿಗೆ ಹಾಕಿ ಅಂತ ಯಾರಾದರೂ ಮಾರಿದರೆ ಅವನಿಗೆ ಏನೂ ಗೊತ್ತಿಲ್ಲ, ಇಲ್ಲವೇ ಎಲ್ಲ ಗೊತ್ತಿದೆ. ವರ್ಷಾನುಗಟ್ಟಲೆ ಡಿಎಪಿ ಸುರಿದ ಟೊಮೇಟೊ ತೋಟದಲ್ಲೂ ಇದು ಏನೂ ತೋರಿಸದೆ ಇರಬಹುದು. ಅಲ್ಲಿ ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ರಂಜಕ ಹೆಚ್ಚಿದೆ ಅಂತ ಬಂದರೆ ಪುಡಿಯೂ ಬೇಡ, ಆ ವರ್ಷ ಡಿಎಪಿಯನ್ನೇ ಕಡಿಮೆ ಮಾಡಿ.

ಎರಡನೇ ಗುಂಡಿಯ ಬಿತ್ತನೆಯನ್ನು ಕುಕ್ಕರ್ ಪರೀಕ್ಷೆಗೆ ಒಡ್ಡಿದೆ. ಹಸಿಯ ಕುಂಡದ ಈರುಳ್ಳಿ ಬೆಂದದ್ದರ ಎರಡರಷ್ಟು ಎತ್ತರ. ಕಳೆದ ವರ್ಷ ಮೆಣಸಿನಕಾಯಿಗೆ ನಾಲ್ಕು ಚೀಲದ ಬದಲು ಎರಡೇ ಚೀಲ ಡಿಎಪಿ ಹಾಕಿದೆ, ಒಂದು ಪಟ್ಟಿಗೆ ಮಾತ್ರ ಹಳೇ ಲೆಕ್ಕದಲ್ಲೇ ಹಾಕಿ ಹೋಲಿಸಿ ನೋಡಿದೆ. ಕಾಯಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಉಳಿದದ್ದು 2,700. ಆದರೆ ಡಿಎಪಿಯಲ್ಲಿ ಸಾರಜನಕವೂ ಇರುತ್ತದಲ್ಲ, ಎರಡು ಚೀಲ ಬಿಟ್ಟರೆ 18 ಕಿಲೋ ಸಾರಜನಕ ಕಡಿಮೆ ಆಯಿತು. ಅದಕ್ಕೆ ಒಂದು ಚೀಲ ಯೂರಿಯಾ ಹೆಚ್ಚು ಹಾಕಿದೆ, ಮುನ್ನೂರರೊಳಗೆ ಬಂತು. ಹಾಗಾಗಿ ಗೊಬ್ಬರದಲ್ಲಿ ಕೈಯಲ್ಲಿ ನಿಂತದ್ದು ಎರಡು ಸಾವಿರದ ನಾನೂರು ಚಿಲ್ಲರೆ. ಇದು ಒಂದು ಹೊಲದ ಒಂದು ವರ್ಷದ ಲೆಕ್ಕ. ನಿಮ್ಮ ಹೊಲದಲ್ಲೂ ಹೀಗೇ ಆಗುತ್ತದೆ ಅಂತ ನಾನು ಪ್ರಮಾಣ ಮಾಡಲಾರೆ, ಆದ್ದರಿಂದಲೇ ಒಂದು ಪಟ್ಟಿ ಹಾಗೇ ಬಿಟ್ಟು ಹೋಲಿಸಿ ನೋಡಿ ಅನ್ನುತ್ತೇನೆ.

ವರ್ಮಿಕ್ಯುಲೈಟ್‌ಗೆ ದುಡ್ಡು ಬೀಳುತ್ತದೆ, ಒಬ್ಬೊಬ್ಬರೇ ತರಬೇಕಾಗಿಲ್ಲ. ಒಂದು ಗುಂಡಿ ಹದಿಮೂರು ಎಕರೆಗೆ ಆಗುವಾಗ ಹತ್ತು ಮನೆಯವರು ಸೇರಿದರೆ ಸಾಕು. ಮೂಲ ಬಿತ್ತನೆ ತರಲು ನಾನು ಬೆಂಗಳೂರಿಗೆ ಹೋಗಿ ಬರುತ್ತೇನೆ, ಬಸ್ ಚಾರ್ಜು ನನ್ನದೇ. ಬೋರ್‌ವೆಲ್ ಹತ್ತಿರ, ಕೋಳಿ ಕೆದಕದ ಕಡೆ ಗುಂಡಿಗೆ ಜಾಗ ಕೊಡುವವರು ಈಗಲೇ ಹೆಸರು ಹೇಳಿ. ಬಣ್ಣ ಹಾಕಿದ ಬೇರನ್ನು ಮೇಷ್ಟ್ರು ತಂದಿದ್ದಾರೆ, ಸೂಕ್ಷ್ಮದರ್ಶಕ ಕಿಟಕಿಯ ಹತ್ತಿರ ಇಟ್ಟಿದೆ. ಮೊದಲು ನಮ್ಮ ತಾಯಿ ನೋಡಲಿ, ಬೂಷ್ಟಿನ ಮೇಲೆ ಅವರಿಗೆ ಇನ್ನೂ ಸಂಶಯ ಹೋಗಿಲ್ಲ. ಆಮೇಲೆ ನೀವೆಲ್ಲ ಒಬ್ಬೊಬ್ಬರಾಗಿ ಬನ್ನಿ.